ಎಂಟೂ ದೀಪ ಹತ್ತಿದವು, ನೆಟ್ ಬರಲಿಲ್ಲ

ನೆಟ್‌ವರ್ಕ್ ಕೆಲಸವನ್ನು ತಂತಿಯಿಂದ ಆ್ಯಪ್‌ವರೆಗೆ ಹಂತ ಹಂತವಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಲೇಯರ್‌ಗಳನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದ ಕಾಲ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸೂ ಬಂದಿದ್ದವು. ಅದೇ ಧೈರ್ಯದ ಮೇಲೆ ಧಾರವಾಡದ ಮಾಮನ ಝೆರಾಕ್ಸ್ ಅಂಗಡಿಗೆ ಕೇಬಲ್ ಎಳೆಯಲು ಒಪ್ಪಿಕೊಂಡೆ. ಹುಬ್ಬಳ್ಳಿಯಲ್ಲಿ ಸಾಮಾನು ಕೊಂಡು, ಕೇಬಲ್ ಸುರುಳಿ ತೊಡೆ ಮೇಲಿಟ್ಟುಕೊಂಡು ಚಿಗರಿ ಬಸ್ ಹತ್ತಿದೆ.

ಕೆಳಗಿನ ರೂಟರ್‌ನಿಂದ ಮಾಳಿಗೆಯ ಕಂಪ್ಯೂಟರ್‌ಗೆ 30 ಮೀಟರ್. ಈಥರ್ನೆಟ್ ತಾಮ್ರದ ಕೇಬಲ್ 100 ಮೀಟರ್ ತಡೆಯುತ್ತದೆ, ಚಿಂತೆಯಿಲ್ಲ ಅಂದುಕೊಂಡೆ. ಎಂಟು ತಂತಿಗಳನ್ನು ಚೆಂದಾಗಿ ಜೋಡಿ ಜೋಡಿಯಾಗಿ ಇಟ್ಟೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಹೀಗೇ ಕಂದಿನವರೆಗೆ. ಎರಡೂ ತುದಿಗೆ ಒಂದೇ ಕ್ರಮ. ಟೆಸ್ಟರ್‌ನಲ್ಲಿ ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹತ್ತಿದವು.

“ಲೈಟ್ ಹತ್ತ್ಯಾವಲ್ಲೋ, ಮತ್ತ ಫೈಲ್ ಯಾಕ ಬರವಲ್ದು?” ಅಂದ ಮಾಮ.

ಆಚೆ ತುದಿ ಉತ್ತರಿಸುತ್ತದೆಯೇ ನೋಡಲು ಪಿಂಗ್ ಎಂಬ ಪುಟ್ಟ ಸಂದೇಶ ಕಳಿಸಿದೆ, ಉತ್ತರ ಬಂತು. ವಿಂಡೋಸ್ ಕಳಿಸುವುದು ಬರೀ 32 ಬೈಟ್. ಅದನ್ನು 1400ಕ್ಕೆ ಏರಿಸಿದ ಕೂಡಲೇ ನಾಲ್ಕರಲ್ಲಿ ಎರಡು ಮಾಯ. ಕೇಬಲ್‌ನಲ್ಲಿ ಓಡಾಡುವ ಡೇಟಾ ತೋರಿಸುವ ವೈರ್‌ಶಾರ್ಕ್ ತೆರೆದರೆ ಪರದೆ ತುಂಬ ಕಪ್ಪು ಸಾಲು, ಎಲ್ಲಾ ಟಿಸಿಪಿ ರೀಟ್ರಾನ್ಸ್‌ಮಿಷನ್, ಅಂದರೆ ಡೇಟಾ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಮತ್ತೆ ಮತ್ತೆ ಕಳಿಸಿದ್ದು. ಅರ್ಧ ದಿನ ಐಪಿ (ನೆಟ್‌ವರ್ಕ್ ವಿಳಾಸ) ಸೆಟ್ಟಿಂಗ್ ತಿರುವಿದೆ. ದಡ್ಡತನ. ದೊಡ್ಡ ಫ್ರೇಮ್‌ನಲ್ಲಿ (ಒಮ್ಮೆಗೆ ಹೋಗುವ ಡೇಟಾ ಕಟ್ಟಿನಲ್ಲಿ) ಒಂದು ಬಿಟ್ ಕೆಟ್ಟರೂ ಸಿಆರ್‌ಸಿ ಎಂಬ ತಪಾಸಣೆಯ ಸಂಖ್ಯೆ ತಾಳೆಯಾಗದೆ ಎರಡನೇ ಲೇಯರ್ ಅದನ್ನು ಸದ್ದಿಲ್ಲದೆ ಬಿಸಾಕುತ್ತದೆ. ಮೇಲಿನ ಟಿಸಿಪಿ ಪಾಪ ಕಳಿಸಿದ್ದನ್ನೇ ಮತ್ತೆ ಕಳಿಸುತ್ತಿತ್ತು. ರೋಗ ಮೊದಲ ಲೇಯರ್‌ನಲ್ಲಿ, ಅಂದರೆ ತಂತಿಯಲ್ಲೇ, ನನ್ನ ಕೈಯಿಂದಲೇ ಬಂದದ್ದು.

100 ಎಂಬಿಪಿಎಸ್ ವೇಗದಲ್ಲಿ ಪ್ಲಗ್‌ನ 1-2ನೇ ಪಿನ್ ಒಂದು ಜೋಡಿ, 3-6 ಇನ್ನೊಂದು. ಹೆಣೆದ ಎರಡು ತಂತಿಗಳ ಮೇಲೆ ಹೊರಗಿನ ಗದ್ದಲ ಸಮನಾಗಿ ಬೀಳುತ್ತದೆ; ರಿಸೀವರ್ ಅವೆರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ನನ್ನ ಕ್ರಮದಲ್ಲಿ 3ಕ್ಕೆ ಬಿಳಿ-ಹಸಿರು, 6ಕ್ಕೆ ನೀಲಿ. ಒಂದೇ ಬಣ್ಣದವಲ್ಲ, ಹಾಗಾಗಿ ಒಂದರ ಜೊತೆಗೊಂದು ಹೆಣೆದೇ ಇಲ್ಲದ ತಂತಿಗಳು! ಅಗ್ಗದ ಟೆಸ್ಟರ್ ನೋಡುವುದು ತಂತಿ ತುಂಡಾಗಿದೆಯೋ ಇಲ್ಲವೋ ಅಷ್ಟೇ, ಅದಕ್ಕೆ ಜೋಡಿ ಗೊತ್ತಾಗುವುದಿಲ್ಲ.

ಎರಡೂ ತುದಿ ಕತ್ತರಿಸಿ ಟಿ568ಬಿ ಎಂಬ ಪ್ರಮಾಣಿತ ಬಣ್ಣಕ್ರಮದ ಪ್ರಕಾರ ಒತ್ತಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಬೆರಳಿಗೆ ಗುಳ್ಳೆ ಬಂದದ್ದು ಬೇರೆ ಮಾತು. 1400 ಬೈಟ್‌ನ 200 ಪಿಂಗ್ ಬಿಟ್ಟೆ, ಒಂದೂ ಬೀಳಲಿಲ್ಲ.

ಮಾಮ ಗಿರ್ಮಿಟ್ ತರಿಸಿದ. ಎರಡು ತುತ್ತು ತಿಂದಿರಲಿಲ್ಲ, “ಪ್ರಿಂಟರ್ ಕಾಣವಲ್ದು” ಅಂದ. ಅದರ ಐಪಿ 192.168.0ರಲ್ಲಿತ್ತು, ಉಳಿದದ್ದೆಲ್ಲ 192.168.1ರಲ್ಲಿ, ಎರಡು ಬೇರೆ ನೆಟ್‌ವರ್ಕ್ ಆದಂತೆ. ಅದಕ್ಕೆ ಎರಡೇ ನಿಮಿಷ ಸಾಕಾಯ್ತು. ಗಿರ್ಮಿಟ್ ಇನ್ನೂ ಮೆತ್ತಗಾಗಿರಲಿಲ್ಲ.