ಪದವಿಯ ಖರ್ಚಿನಲ್ಲಿ ತೆರಿಗೆದಾರರ ಪಾಲು ಎಷ್ಟು? ಲೆಕ್ಕ ಹಾಕುವ ಬಗೆ

ವಿಶ್ವವಿದ್ಯಾಲಯದ ಓದಿಗೆ ತೆರಿಗೆ ಹಣ ಹಾಕಬೇಕೇ ಬೇಡವೇ ಎಂದು ಕೇಳಿದರೆ ವಾದ ಎಂದೂ ಮುಗಿಯುವುದಿಲ್ಲ. ಶುಲ್ಕವೇ ಇಲ್ಲದ ಕಡೆಯೂ ವಿದ್ಯಾರ್ಥಿಗಳ ಕೈಯಿಂದ ಹಣ ಹೋಗುತ್ತಿರುತ್ತದೆ, ಶುಲ್ಕ ದುಬಾರಿಯಾಗಿರುವ ಕಡೆಯೂ ಬೊಕ್ಕಸದ ಹಣ ಹರಿಯುತ್ತಿರುತ್ತದೆ. ಹಾಗಾಗಿ ಕೇಳಬೇಕಾದದ್ದು ಯಾವ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂದು. ಅದಕ್ಕೆ ಒಂದು ಹಾಳೆ, ಒಂದು ಕ್ಯಾಲ್ಕ್ಯುಲೇಟರ್ ಸಾಕು. ಆದರೆ ಲೆಕ್ಕದ ಕ್ರಮ ತಪ್ಪಬಾರದು.

ಖರ್ಚನ್ನು ಬಿಡಿಸಿ ಬರೆಯಿರಿ

ನಾಲ್ಕು ಬಾಬತ್ತುಗಳನ್ನು ಬೇರೆ ಬೇರೆ ಬರೆದುಕೊಳ್ಳಿ: ಬೋಧನೆ, ಸಂಶೋಧನೆ, ವಿದ್ಯಾರ್ಥಿಗಳ ಊಟ-ವಸತಿ, ಮತ್ತು ಓದುವ ವರ್ಷಗಳಲ್ಲಿ ಅವರು ಕೈಬಿಡುವ ದುಡಿಮೆ. ವಿಶ್ವವಿದ್ಯಾಲಯದ ಇಡೀ ಬಜೆಟ್ಟನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ ‘ತಲಾ ಖರ್ಚು ಇಷ್ಟು’ ಎನ್ನುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಪ್ರಯೋಗಾಲಯದ ಸಂಶೋಧನಾ ಅನುದಾನವೂ ಪದವಿ ತರಗತಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಅರೆಕಾಲಿಕ ವಿದ್ಯಾರ್ಥಿಗಳನ್ನು ಪೂರ್ಣಾವಧಿಗೆ ಹೊಂದಿಸಿ ಎಣಿಸಿ. ಅರ್ಧ ಹೊರೆ ಓದುವ ಇಬ್ಬರು ಸೇರಿ ಒಬ್ಬರು. ವೈದ್ಯಕೀಯ, ಎಂಜಿನಿಯರಿಂಗ್‌ಗಳನ್ನು ಕಲಾ ವಿಭಾಗದ ಜೊತೆ ಕಲಸಿ ಸರಾಸರಿ ತೆಗೆದರೆ ಬರುವ ಸಂಖ್ಯೆ ಯಾವ ಕೋರ್ಸಿಗೂ ಹೊಂದುವುದಿಲ್ಲ.

ನಂತರ ನಡುವೆ ಬಿಟ್ಟುಹೋದವರ ಲೆಕ್ಕ. ನಾಲ್ಕು ವರ್ಷದ ಕೋರ್ಸಿಗೆ 1,000 ಮಂದಿ ಸೇರಿದರು, ಬೋಧನೆಗೆ ತಲಾ ವರ್ಷಕ್ಕೆ 100 ಖರ್ಚು ಎಂದಿಟ್ಟುಕೊಳ್ಳಿ. 700 ಮಂದಿ ಮುಗಿಸಿದರು, 300 ಮಂದಿ ಎರಡು ವರ್ಷಕ್ಕೇ ಬಿಟ್ಟರು. ಮುಗಿಸಿದವರ ಮೇಲೆ 2,80,000, ಬಿಟ್ಟವರ ಮೇಲೆ 60,000. ಒಟ್ಟು 3,40,000ವನ್ನು 700ರಿಂದ ಭಾಗಿಸಿದರೆ ಒಂದು ಪದವಿಗೆ ತಗಲಿದ್ದು ಸುಮಾರು 486, ಬಾಯಿಲೆಕ್ಕದ 400 ಅಲ್ಲ. ನ್ಯೂಜಿಲೆಂಡ್ 2018ರಲ್ಲಿ ಮೊದಲ ವರ್ಷವನ್ನು ಶುಲ್ಕರಹಿತ ಮಾಡಿ, 2025ರಿಂದ ಆ ಸೌಲಭ್ಯವನ್ನು ಕೊನೆಯ ವರ್ಷಕ್ಕೆ ಸರಿಸಿತು. ಓದು ಮುಗಿಸಿದವರಿಗೇ ಅದು ಸಿಗಲಿ ಎಂಬ ಲೆಕ್ಕಾಚಾರ. ಆದರೆ ಕಾಲೇಜಿನ ಮೆಟ್ಟಿಲು ಹತ್ತಲೇ ಹಿಂಜರಿಯುವವರಿಗೆ ಮೊದಲ ವರ್ಷದ ನೆರವೇ ಮುಖ್ಯ. ಎರಡನ್ನೂ ಒಂದೇ ಹಣದಲ್ಲಿ ಸಾಧಿಸಲಾಗದು.

ಬೊಕ್ಕಸಕ್ಕೆ ಮರಳುವುದೆಷ್ಟು

ಪದವೀಧರರು ಹೆಚ್ಚು ಗಳಿಸುತ್ತಾರೆ, ಹೆಚ್ಚು ತೆರಿಗೆ ಕಟ್ಟುತ್ತಾರೆ, ಆದ್ದರಿಂದ ಸರ್ಕಾರ ಹಾಕಿದ ಹಣ ತಾನಾಗಿ ಮರಳುತ್ತದೆ ಎಂಬ ಮಾತು ಅರ್ಧ ಸತ್ಯ. ಲೆಕ್ಕ ಹಾಕಿಯೇ ನೋಡಬೇಕು.

ಈ ಸಲ ಕೋರ್ಸು ಮುಗಿಸುವ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳಿ. ಬೋಧನೆಗೆ ವರ್ಷಕ್ಕೆ 100. ಓದದೆ ಕೆಲಸಕ್ಕೆ ಹೋಗಿದ್ದರೆ ವರ್ಷಕ್ಕೆ 120 ಗಳಿಕೆ, ಅದರ ಮೇಲೆ ಶೇ. 25ರಂತೆ 30 ತೆರಿಗೆ. ಆ 30 ಕೂಡ ಸರ್ಕಾರಕ್ಕೆ ಖರ್ಚೇ. ಬಹಳ ಮಂದಿ ಇದನ್ನು ಮರೆಯುತ್ತಾರೆ. ಅಲ್ಲಿಗೆ ನಾಲ್ಕು ವರ್ಷಕ್ಕೆ 520. ಪದವಿಯಿಂದ ವರ್ಷಕ್ಕೆ 60 ಹೆಚ್ಚು ಗಳಿಕೆ, ಅದರ ಮೇಲೆ 15 ತೆರಿಗೆ, 40 ವರ್ಷ ದುಡಿದರೆ 600. ಮೇಲ್ನೋಟಕ್ಕೆ ಲಾಭ.

ಆದರೆ ಇಂದು ಕೊಡುವ 15, ಮೂವತ್ತು ವರ್ಷದ ನಂತರ ಬರುವ 15 ಒಂದೇ ಅಲ್ಲ. ಖರ್ಚನ್ನು ವರ್ಷದ ಆರಂಭಕ್ಕೆ, ಮರಳುವುದನ್ನು ವರ್ಷದ ಕೊನೆಗೆ ಹಿಡಿದು, ವರ್ಷಕ್ಕೆ ಶೇ. 3ರ ದರದಲ್ಲಿ (ಅಂದರೆ ಎಷ್ಟು ವರ್ಷ ದೂರವೋ ಅಷ್ಟು ಸಲ 1.03ರಿಂದ ಭಾಗಿಸಿ) ಎರಡೂ ಕಡೆಯ ಮೊತ್ತವನ್ನು ಇಂದಿನ ಮೌಲ್ಯಕ್ಕೆ ಇಳಿಸಿದರೆ ಖರ್ಚು ಸುಮಾರು 498, ಮರಳುವುದು 308; ಅಂದರೆ ಶೇ. 62. ಶೇ. 5ರ ದರ ಹಿಡಿದರೆ ಖರ್ಚು 484, ಮರಳುವುದು 212, ಶೇ. 44. ಉಳಿದ ಯಾವ ಅಂಕಿಯನ್ನೂ ಮುಟ್ಟದೆ, ದರವೊಂದನ್ನೇ ಬದಲಿಸಿ ಉತ್ತರವನ್ನು ಬೇಕಾದಂತೆ ಬಗ್ಗಿಸಬಹುದು. ಯಾರಾದರೂ ‘ಉನ್ನತ ಶಿಕ್ಷಣದ ಲಾಭ ಇಷ್ಟು’ ಎಂದು ಅಂಕಿ ಮುಂದಿಟ್ಟರೆ, ಯಾವ ದರ ಹಿಡಿದಿದ್ದೀರಿ ಎಂದು ಮೊದಲು ಕೇಳಿ.

ಆ 60 ಹೆಚ್ಚುವರಿ ಗಳಿಕೆಯನ್ನೂ ಹಾಗೇ ನಂಬಬೇಡಿ. ಪದವೀಧರರ ಸಂಬಳದಿಂದ ಓದದವರ ಸಂಬಳ ಕಳೆದು ಬಂದ ವ್ಯತ್ಯಾಸದಲ್ಲಿ ಓದಿನ ಫಲ ಎಷ್ಟೋ, ಮೊದಲೇ ಇದ್ದ ಜಾಣತನ ಮತ್ತು ಮನೆಯ ಅನುಕೂಲದ ಫಲ ಎಷ್ಟೋ. ಅರ್ಧವಷ್ಟೇ ಓದಿನದು ಎಂದುಕೊಂಡರೆ ಶೇ. 62 ಇದ್ದದ್ದು ಶೇ. 31ಕ್ಕೆ ಇಳಿಯುತ್ತದೆ. ಇದಕ್ಕೆ ಎದುರಾಗಿ ಶಿಕ್ಷಕರು, ದಾದಿಯರು ಇದ್ದಾರೆ. ಇವರಿಗೆ ಸಂಬಳ ಕೊಡುವುದು ಹೆಚ್ಚಾಗಿ ಸರ್ಕಾರವೇ, ಅದನ್ನು ಕಡಿಮೆ ಇಡುವುದೂ ಸರ್ಕಾರವೇ. ಅವರ ಓದಿನಿಂದ ಸಮಾಜಕ್ಕಾಗುವ ಉಪಯೋಗವನ್ನು ಸಂಬಳದ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಂಥ ಕೋರ್ಸುಗಳಿಗೆ ಬೊಕ್ಕಸದ ಪಾಲನ್ನು ಈ ಲೆಕ್ಕಕ್ಕಿಂತ ಮೇಲಿಡುವುದೇ ಸರಿ.

ಸೀಟು ಯಾರಿಗೆ, ತೆರಿಗೆ ಯಾರದು

‘ಉಳ್ಳವರ ಮಕ್ಕಳ ಓದಿಗೆ ಕೂಲಿಯವರ ತೆರಿಗೆ’ ಎಂಬ ಆಕ್ಷೇಪವನ್ನು ಪರೀಕ್ಷಿಸಲು ಕುಟುಂಬಗಳನ್ನು ಆದಾಯದ ಮೇಲೆ ಐದು ಗುಂಪು ಮಾಡಿ, ಪ್ರತಿ ಗುಂಪಿನ ಮುಂದೆ ಎರಡು ಅಂಕಿ ಬರೆಯಿರಿ: ಸೀಟುಗಳಲ್ಲಿ ಪಾಲು, ಒಟ್ಟು ತೆರಿಗೆಯಲ್ಲಿ ಪಾಲು. ಸರಕು-ಸೇವೆಗಳ ಮೇಲಿನ ತೆರಿಗೆಯನ್ನು ಬಿಡಬೇಡಿ, ಬಡವರು ಕಟ್ಟುವುದು ಹೆಚ್ಚಾಗಿ ಅದನ್ನೇ. ಕೆಳಗಿನ ಗುಂಪಿಗೆ ಶೇ. 8 ಸೀಟು, ತೆರಿಗೆಯಲ್ಲಿ ಶೇ. 5 ಪಾಲು ಎಂದು ಬಂದರೆ, ಸೀಟು ಕಡಿಮೆಯಿದ್ದರೂ ಆ ಗುಂಪಿಗೆ ಬರುವುದೇ ಹೆಚ್ಚು. ಸೀಟಿನ ಪಟ್ಟಿಯೊಂದನ್ನೇ ಹಿಡಿದು ಅನ್ಯಾಯ ಎನ್ನುವುದು ದುಡುಕು. ಆದರೂ ಅಲ್ಲಿಗೇ ನಿಲ್ಲಬೇಡಿ. ಅದೇ ಹಣ ಪ್ರಾಥಮಿಕ ಶಾಲೆಗೆ ಹೋದರೆ ಆ ಗುಂಪಿಗೆ ಎಷ್ಟು ಸಿಗುತ್ತಿತ್ತು ಎಂಬ ಮೂರನೆಯ ಅಂಕಿಯನ್ನೂ ಬರೆಯಿರಿ. ಉಚಿತ ಪದವಿಯ ಪರವಾದ ವಾದ ಸಾಮಾನ್ಯವಾಗಿ ಸೋಲುವುದು ಈ ಮೂರನೆಯ ಅಂಕಿಯ ಎದುರು.

ಚಿಲಿ 2016ರಲ್ಲಿ ಎಲ್ಲರಿಗೂ ಒಮ್ಮೆಲೇ ಉಚಿತ ಮಾಡದೆ, ಆದಾಯದಲ್ಲಿ ಕೆಳಗಿನ ಅರ್ಧದಿಂದ ಆರಂಭಿಸಿತು. ಹಣ ಸೀಮಿತವಿರುವಲ್ಲಿ ಹೀಗೆ ಕೆಳಗಿನಿಂದ ಹತ್ತುವುದು ಒಳ್ಳೆಯ ಕ್ರಮ.

ಶುಲ್ಕ ತೆಗೆದರೆ ಸಾಲದು, ಸೀಟಿನ ಸಂಖ್ಯೆ ನೋಡಬೇಕು. ಸ್ಕಾಟ್ಲೆಂಡಿನಲ್ಲಿ ಅಲ್ಲಿನವರಿಗೆ ಬೋಧನಾ ಶುಲ್ಕವಿಲ್ಲ, ಆದರೆ ಸರ್ಕಾರ ಹಣ ಕೊಡುವ ಸೀಟುಗಳಿಗೆ ಮಿತಿಯಿದೆ. ಇಂಗ್ಲೆಂಡಿನಲ್ಲಿ ಶುಲ್ಕವಿದೆ, 2015ರಲ್ಲಿ ಸೀಟಿನ ಮಿತಿ ತೆಗೆದರು. ಊಟ-ವಸತಿಯ ಬಾಬತ್ತು ಇನ್ನೂ ಗಟ್ಟಿ: ಸ್ವೀಡನ್ನಿನಲ್ಲಿ ದೇಶದ ವಿದ್ಯಾರ್ಥಿಗಳಿಗೆ ಬೋಧನೆ ಉಚಿತ, ಆದರೂ ಬದುಕಿನ ಖರ್ಚಿಗೆ ಅವರು ಸಾಲ ಮಾಡುತ್ತಾರೆ. ಬಡ ಕುಟುಂಬಗಳ ಮಕ್ಕಳನ್ನು ತರುವುದೇ ಗುರಿಯಾದರೆ, ಉಳ್ಳವರ ಶುಲ್ಕ ಮನ್ನಾ ಮಾಡುವ ಮೊದಲು ಇಲ್ಲದವರ ಊಟ-ವಸತಿಗೆ ಹಣ ಇಡಿ.

ಉಳಿದ ಪಾಲನ್ನು ವಸೂಲು ಮಾಡುವ ಬಗೆ

ಸಣ್ಣ ಶುಲ್ಕ ವಿಧಿಸುವುದು ಸುಲಭವೆನಿಸುತ್ತದೆ. ಜರ್ಮನಿಯ ಹಲವು ರಾಜ್ಯಗಳು 2006-07ರ ಸುಮಾರಿಗೆ ಸೆಮಿಸ್ಟರಿಗೆ ಸಾಮಾನ್ಯವಾಗಿ 500 ಯೂರೊ ಹೇರಿದವು. 2014ರ ಹೊತ್ತಿಗೆ ಎಲ್ಲವೂ ಕೈಬಿಟ್ಟವು. ಬರುವ ಹಣ ಕಡಿಮೆ, ಬರುವ ವಿರೋಧ ಪೂರ್ತಿ.

ಕಂತು ನಿಗದಿಯಾದ ಮಾಮೂಲಿ ಸಾಲದಲ್ಲಿ ಕೆಲಸ ಹೋದ ತಿಂಗಳೂ ಕಂತು ಕಟ್ಟಬೇಕು. ಅದಕ್ಕಿಂತ ವಾಸಿ, ಆದಾಯ ಬಂದಾಗ ಮಾತ್ರ ತೆರಿಗೆಯ ಜೊತೆಗೇ ಕಡಿತವಾಗುವ ಸಾಲ. ಆಸ್ಟ್ರೇಲಿಯಾ 1989ರಲ್ಲಿ ರಾಷ್ಟ್ರಮಟ್ಟದಲ್ಲಿ ಇದನ್ನು ತಂದಿತು. ಇದಕ್ಕೆ ನಾಲ್ಕು ಭಾಗಗಳಿವೆ: ಕಡಿತ ಶುರುವಾಗುವ ಆದಾಯದ ಮಿತಿ, ಕಡಿತದ ದರ, ಬಡ್ಡಿ, ಮತ್ತು ಬಾಕಿ ಮನ್ನಾ ಆಗುವ ಅವಧಿ. ಇಂಗ್ಲೆಂಡಿನಲ್ಲಿ 2023ರಿಂದ ಸೇರಿದವರಿಗೆ ಮಿತಿ ವರ್ಷಕ್ಕೆ 25,000 ಪೌಂಡ್, ಅದಕ್ಕಿಂತ ಮೇಲಿನ ಆದಾಯದ ಮೇಲೆ ಶೇ. 9, ಅವಧಿ 40 ವರ್ಷ. 30,000 ಗಳಿಸುವವರಿಗೆ ಮೇಲಿನ 5,000ದ ಶೇ. 9, ಅಂದರೆ ವರ್ಷಕ್ಕೆ 450.

ಕೆಡುವ ಜಾಗಗಳೂ ಗೊತ್ತಿರುವಂಥವೇ. ಆಸ್ಟ್ರೇಲಿಯಾದಲ್ಲಿ ಬಹುಕಾಲ ಮಿತಿ ದಾಟಿದೊಡನೆ ಇಡೀ ಆದಾಯದ ಮೇಲೆ ಕಡಿತವಾಗುತ್ತಿತ್ತು. ಒಂದು ಡಾಲರ್ ಹೆಚ್ಚು ಗಳಿಸಿದರೆ ನೂರಾರು ಡಾಲರ್ ಹೋಗುವುದರಿಂದ ಜನ ಮಿತಿಯ ಕೆಳಗೇ ಗುಂಪುಗೂಡುತ್ತಿದ್ದರು. 2025-26ರಿಂದ ಮಿತಿಯ ಮೇಲಿನ ಹಣಕ್ಕಷ್ಟೇ ಕಡಿತ ಎಂದು ಬದಲಿಸಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1971ರಲ್ಲಿ, ಒಟ್ಟಿಗೆ ಸಾಲ ಪಡೆದ ಇಡೀ ತಂಡದ ಸಾಲ ತೀರುವ ತನಕ ಎಲ್ಲರೂ ಕಟ್ಟುವ ಯೋಜನೆ ತಂದಿತ್ತು. ಹೆಚ್ಚು ಗಳಿಸಿದವರು ಒಂದೇ ಸಲ ಕಟ್ಟಿ ಹೊರಬಂದರು, ಕೆಲವರು ಕಟ್ಟಲೇ ಇಲ್ಲ, ನಡುವಿನವರ ಹೆಗಲಿಗೆ ಭಾರ ಬಿತ್ತು, ಯೋಜನೆ ನಿಂತುಹೋಯಿತು. ಒಬ್ಬರ ಬಾಕಿಯನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ, ಮನ್ನಾ ಆಗುವ ಮೊತ್ತವನ್ನು ಬಜೆಟ್ಟಿನಲ್ಲೇ ತೆರಿಗೆದಾರರ ಪಾಲೆಂದು ನೇರವಾಗಿ ತೋರಿಸಿ. ವಿದೇಶಕ್ಕೆ ಹೋದವರ ಆದಾಯ ತೆರಿಗೆ ಇಲಾಖೆಗೆ ಕಾಣುವುದಿಲ್ಲ, ಅವರಿಗೆ ಬೇರೆ ಕಟ್ಟಳೆ ಬೇಕು.

ಮಿತಿ ವರ್ಷವರ್ಷ ಏರುವುದು ಸಂಬಳದ ಜೊತೆಗೋ ಬೆಲೆಯ ಜೊತೆಗೋ ಎಂಬುದನ್ನು ಮಂತ್ರಿಗಳ ಮಾತಿಗೆ ಬಿಡದೆ ಕಾನೂನಿನಲ್ಲೇ ಬರೆಯಿಸಿ. ಇಂಗ್ಲೆಂಡಿನಲ್ಲಿ 2012ರಿಂದ ಸೇರಿದವರಿಗೆ 21,000 ಪೌಂಡಿನ ಮಿತಿ ಸಂಬಳದ ಜೊತೆ ಏರುತ್ತದೆ ಎಂದಿದ್ದರು. 2015ರಲ್ಲಿ ಅದನ್ನು ಐದು ವರ್ಷ ಏರಿಸುವುದಿಲ್ಲ ಎಂದರು. ಗಲಾಟೆಯಾಗಿ, 2018ರಲ್ಲಿ 25,000ಕ್ಕೆ ಏರಿಸಿದರು. ಅಷ್ಟರಲ್ಲಿ ಸಾಲಕ್ಕೆ ಸಹಿ ಹಾಕಿದ್ದವರ ಲೆಕ್ಕ ಎರಡು ಸಲ ಬದಲಾಗಿತ್ತು.