ಲಂಡನ್ ದರ, ಡಾಲರ್ ಮತ್ತು ನಿಮ್ಮ ಚೀಲ: ಸಣ್ಣ ಕಾಫಿ ಬೆಳೆಗಾರರಿಗೊಂದು ಕೈಪಿಡಿ

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಕರ್ನಾಟಕವೇ ಬೆಳೆಯುತ್ತದೆ, ಮತ್ತು ದೇಶದ ಬೆಳೆಯ ಬಹುಪಾಲು ಇಟಲಿ, ಜರ್ಮನಿ, ಬೆಲ್ಜಿಯಂ, ರಷ್ಯಾ ಮೊದಲಾದ ಕಡೆಗೆ ರಫ್ತಾಗುತ್ತದೆ. ಹೀಗಾಗಿ ದರ ಏರಿದಾಗ ಅಥವಾ ಕುಸಿದಾಗ ಗಾಬರಿಯಿಂದ ಮಾರುವ ಮೊದಲು, ಬದಲಾದದ್ದು ಬೆಳೆಯೋ, ಡಾಲರೋ, ಸಾಗಣೆಯೋ, ಕಾನೂನೋ ಎಂಬುದನ್ನು ಬೇರ್ಪಡಿಸಿ ನೋಡುವ ಅಭ್ಯಾಸವನ್ನು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ರೂಢಿಸಿಕೊಳ್ಳಬೇಕು.

ಮೊದಲು ಲೆಕ್ಕ. ಕಾಫಿಯ ಎರಡು ಮುಖ್ಯ ಬಗೆಗಳಲ್ಲಿ ರೊಬಸ್ಟಾದ ದರ ಲಂಡನ್ ವಿನಿಮಯ ಕೇಂದ್ರದಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ನಿಗದಿಯಾಗುತ್ತದೆ. ಅರೇಬಿಕಾ ದರ ನ್ಯೂಯಾರ್ಕಿನಲ್ಲಿ. ಉದಾಹರಣೆಗೆ, ಲಂಡನ್ ದರ 4,000 ಡಾಲರ್ ಮತ್ತು ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಕಿಲೋ ಕ್ಲೀನ್ ಕಾಫಿಗೆ, ಅಂದರೆ ಸಿಪ್ಪೆ ತೆಗೆದ ಬೀಜಕ್ಕೆ, 340 ರೂಪಾಯಿ ಆಗುತ್ತದೆ. 50 ಕಿಲೋ ಚೆರಿ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ಚೀಲದಿಂದ 26 ಕಿಲೋ ಕ್ಲೀನ್ ಕಾಫಿ ಬರುವುದಾದರೆ, ಅಂದರೆ ನಿಮ್ಮ ಔಟ್‌ಟರ್ನ್ 26 ಆದರೆ, ಚೀಲದ ಮೂಲ ಬೆಲೆ 8,840 ರೂಪಾಯಿ. ಲಂಡನ್ ದರ ಅಲ್ಲಾಡದೆ ಡಾಲರ್ 88 ರೂಪಾಯಿಗೆ ಏರಿದರೂ ಅದೇ ಚೀಲ 9,152 ರೂಪಾಯಿಗೆ ನಿಲ್ಲುತ್ತದೆ. ಇದರಿಂದ ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು ಮಾಡುವ) ಖರ್ಚು, ಸಾಗಣೆ ಮತ್ತು ವ್ಯಾಪಾರಿಯ ಲಾಭವನ್ನು ಕಳೆಯಬೇಕು, ಗುಣಮಟ್ಟಕ್ಕೆ ಸಿಗುವ ಹೆಚ್ಚುವರಿಯನ್ನು ಕೂಡಿಸಬೇಕು. ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋದ ಬೆಳೆಗಾರನಿಗೆ ವ್ಯಾಪಾರಿ ಹೇಳಿದ ದರ ನ್ಯಾಯವೋ ಅಲ್ಲವೋ ಎಂದು ಕೇಳುವ ಧೈರ್ಯವಿರುತ್ತದೆ. ಔಟ್‌ಟರ್ನನ್ನು ಅವರ ಅಂದಾಜಿಗೆ ಬಿಡದೆ, ಮಾದರಿ ತೆಗೆಯುವಾಗ ನೀವೇ ಎದುರಿಗಿರಿ.

ಹೊರದೇಶದ ಬೆಳೆಯ ಸುದ್ದಿಯನ್ನು ಓದುವಾಗ ಅದು ಎಷ್ಟು ಕಾಲ ಬಾಳುತ್ತದೆ ಎಂದು ಯೋಚಿಸಿ. 2021ರ ಜುಲೈನಲ್ಲಿ ಬ್ರೆಜಿಲ್ ತೋಟಗಳಿಗೆ ಹಿಮ ಬಿದ್ದಾಗ ಗಿಡಗಳೇ ಸುಟ್ಟಿದ್ದವು. ಅಂಥ ನಷ್ಟ ತುಂಬಿಬರಲು ವರ್ಷಗಳೇ ಬೇಕು. ಒಂದು ಹಂಗಾಮಿನ ಮಳೆ ಕೊರತೆ ಹಾಗಲ್ಲ. ಏರಿದ ದರ ಎಲ್ಲೆಡೆ ಹೊಸ ನೆಡುವಿಕೆಗೆ ದಾರಿಮಾಡುತ್ತದೆ, ಮೂರು ನಾಲ್ಕು ವರ್ಷಗಳ ನಂತರ ಆ ಗಿಡಗಳೆಲ್ಲ ಫಲ ಕೊಡುತ್ತವೆ. 1990ರ ದಶಕದಲ್ಲಿ ವಿಯೆಟ್ನಾಂ ತೋಟಗಳನ್ನು ವಿಸ್ತರಿಸಿದ ಪರಿಣಾಮವಾಗಿ 2001–02ರ ಹೊತ್ತಿಗೆ ದರ ನೆಲಕಚ್ಚಿ, ನಮ್ಮ ಅನೇಕ ಕುಟುಂಬಗಳು ಸಾಲದಲ್ಲಿ ಮುಳುಗಿದವು. ಆದ್ದರಿಂದ ಒಳ್ಳೆಯ ದರದ ವರ್ಷದಲ್ಲಿ ಸಾಲ ಮಾಡಿ ತೋಟ ಕೊಳ್ಳುವುದಕ್ಕಿಂತ ಇರುವ ಸಾಲ ತೀರಿಸಿ, ಕಣ ಮತ್ತು ನೀರಿನ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳುವುದೇ ಲೇಸು ಎಂದು ನನ್ನ ದೃಢ ಅಭಿಪ್ರಾಯ.

ಯುದ್ಧದ ಸುದ್ದಿ ಮಾರಾಟದ ದರಕ್ಕಿಂತ ಮೊದಲು ಖರ್ಚಿನಲ್ಲಿ ಕಾಣಿಸಿಕೊಳ್ಳಬಹುದು. ಭಾರತ ಪೊಟ್ಯಾಷ್ ಗೊಬ್ಬರಕ್ಕೆ ಆಮದನ್ನೇ ನೆಚ್ಚಿಕೊಂಡಿದೆ, ಅದರ ಪ್ರಮುಖ ಉತ್ಪಾದಕರಲ್ಲಿ ರಷ್ಯಾ ಮತ್ತು ಬೆಲಾರೂಸ್ ಸೇರಿವೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಾಗ ಯುರೋಪಿನ ಸರಕು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಹೋಗಬೇಕಾಯಿತು. ಅಂಥ ಸಮಯದಲ್ಲಿ ರಫ್ತುದಾರರಿಗೆ ಹಣ ಬರುವುದು ತಡವಾಗುವುದರಿಂದ, ಬಾಕಿ ಪಾವತಿಯ ದಿನಾಂಕವನ್ನು ಬರವಣಿಗೆಯಲ್ಲಿ ಪಡೆಯಿರಿ.

ಹೆಚ್ಚು ಸಿದ್ಧತೆ ಬೇಡುವುದು ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಐರೋಪ್ಯ ಒಕ್ಕೂಟದ 2023ರ ನಿಯಮ ಬಾಗಿಲು ಮುಚ್ಚುತ್ತದೆ, ಮತ್ತು ತೋಟದ ಭೌಗೋಳಿಕ ಸ್ಥಾನದ ದಾಖಲೆ ಕೇಳುತ್ತದೆ. ಜಾರಿಯ ದಿನಾಂಕ ಮುಂದಕ್ಕೆ ಹೋಗಿದ್ದರೂ ಕೈಕಟ್ಟಿ ಕೂರಬೇಡಿ. ಮರದ ನೆರಳಿನಲ್ಲಿ ಬೆಳೆಯುವ ನಮ್ಮ ಕಾಫಿಗೆ ಇದು ಅನುಕೂಲವೂ ಆಗಬಲ್ಲದು, ಆದರೆ ದಾಖಲೆ ಇದ್ದವರಿಗೆ ಮಾತ್ರ. ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳಲ್ಲಿ ನೋಂದಣಿಯ ಕ್ರಮವನ್ನು ವಿಚಾರಿಸಿ. ಪಹಣಿ ಹಿರಿಯರ ಹೆಸರಿನಲ್ಲೇ ಉಳಿದಿದ್ದರೆ, ವಂಶಪಾರಂಪರ್ಯವಾಗಿ ಬಂದ ಕೊಡಗಿನ ಜಮ್ಮಾ ಜಮೀನಿನಲ್ಲಿ ಇದು ಸಾಮಾನ್ಯ, ಕುಟುಂಬದವರೆಲ್ಲ ಕುಳಿತು ಯಾರ ಪಾಲು ಯಾವುದು ಎಂಬ ನಕ್ಷೆಯನ್ನು ಈಗಲೇ ಮಾಡಿಸಿಕೊಳ್ಳಿ.

ಮಾರಾಟದಲ್ಲಿ ಇಡೀ ಬೆಳೆಯನ್ನು ಒಂದೇ ದಿನದ ದರಕ್ಕೆ ಒಪ್ಪಿಸಬೇಡಿ. ಕೂಲಿ ಮತ್ತು ಸಾಲದ ಕಂತಿಗೆ ಬೇಕಾದಷ್ಟನ್ನು ಕುಯ್ಲು ಮುಗಿದ ಕೂಡಲೇ ಮಾರಿ, ಉಳಿದದ್ದನ್ನು ಚೆನ್ನಾಗಿ ಒಣಗಿಸಿ ಎರಡು ಮೂರು ಕಂತುಗಳಲ್ಲಿ ಮಾರಿ. ಪ್ರತಿ ಕಂತಿನ ದಿನ ಲಂಡನ್ ದರ, ಡಾಲರ್ ಬೆಲೆ, ಔಟ್‌ಟರ್ನ್, ಕೈಗೆ ಬಂದ ಹಣ ಈ ನಾಲ್ಕನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.