ಸಂಬಳಕ್ಕೆ ತಕ್ಕ ಮನೆ: ಬೆಂಗಳೂರಿಗೆ ಹೊಸದಾಗಿ ಬಂದವರಿಗೆ

ನಾನು ಹಾವೇರಿಯಿಂದ ಬೆಂಗಳೂರಿಗೆ ಬಂದದ್ದು 2006ರಲ್ಲಿ. ಊರ ಕಡೆಯಿಂದ ಕೆಲಸಕ್ಕೆ ಬರುವ ಹುಡುಗರು, ದುಬೈಯಿಂದ ವಾಪಸ್ ಬರುವ ನೆಂಟರು, ಎಲ್ಲರೂ ಕೇಳುವುದು ಒಂದೇ ಮಾತು: "ಅಣ್ಣಾ, ನನ್ನ ಸಂಬಳಕ್ಕೆ ಎಷ್ಟು ಲೋನ್ ಸಿಗುತ್ತೆ?" ಎಷ್ಟು ಸಿಗುತ್ತೆ ಅಂತ ಬ್ಯಾಂಕಿನವರು ಐದು ನಿಮಿಷದಲ್ಲಿ ಹೇಳುತ್ತಾರೆ. ಎಷ್ಟು ಕಟ್ಟಲು ಆಗುತ್ತೆ ಅನ್ನೋದನ್ನು ಮಾತ್ರ ನೀವೇ ಮನೆಯಲ್ಲಿ ಕೂತು ಲೆಕ್ಕ ಹಾಕಬೇಕು.

ಪಿಎಫ್, ತೆರಿಗೆ ಎಲ್ಲಾ ಕಳೆದು ತಿಂಗಳಿಗೆ 1,10,000 ರೂಪಾಯಿ ಕೈಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಬೇರೆ ಸಾಲ ಇಲ್ಲದಿದ್ದರೆ ಅದರಲ್ಲಿ ಅರ್ಧದಷ್ಟು ಕಂತಿಗೆ ಹೋಗಬಹುದು ಅಂತ ಬ್ಯಾಂಕು ಲೆಕ್ಕ ಹಿಡಿಯುವುದುಂಟು. ಬಡ್ಡಿ ಶೇ. 8.5, ಅವಧಿ 20 ವರ್ಷ ಆದರೆ ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ ಕಂತು. ಈ 868 ಅನ್ನು ಬರೆದಿಟ್ಟುಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತದೆ. 55,000ವನ್ನು ಅದರಿಂದ ಭಾಗಿಸಿದರೆ 63 ಲಕ್ಷ ಸಾಲ.

ಆ ಲೆಕ್ಕದಲ್ಲಿ ಊರಿನ ಅಪ್ಪ ಅಮ್ಮ ಇಲ್ಲ. ಅಪ್ಪನ ಬಿಪಿ ಮಾತ್ರೆ, ತಂಗಿ ಮದುವೆಗೆ ಎತ್ತಿದ ಚೀಟಿ, ಮಗಳ ಸ್ಕೂಲ್ ವ್ಯಾನು, ಯಾವುದೂ ಇಲ್ಲ. ನಾವು ಮನೆ ನೋಡುವಾಗ ನನ್ನ ಹೆಂಡತಿ ಮೂರು ತಿಂಗಳ ಖರ್ಚನ್ನು ಹಳೆ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದಳು. ಹಾಲು, ಗ್ಯಾಸು, ತರಕಾರಿ ಎಲ್ಲಾ ಬಂದಿತ್ತು. ಕೊನೆಗೆ ಪೆನ್ನು ಹಿಡಿದುಕೊಂಡೇ "ಯುಗಾದಿ, ದೀಪಾವಳಿಗೆ ಊರಿಗೆ ಹೋಗೋದು ಬರೀಲೇ ಇಲ್ವಲ್ಲ" ಅಂದಳು. ಬಸ್ ಚಾರ್ಜು, ಬಟ್ಟೆ ಎಲ್ಲಾ ಸೇರಿಸಿದ ಮೇಲೆ ಬ್ಯಾಂಕ್ ಹೇಳಿದ ಕಂತು ಕಟ್ಟಿದರೆ ತಿಂಗಳ ಕೊನೆಗೆ ಏನೂ ಉಳಿಯುತ್ತಿರಲಿಲ್ಲ. ಮೂರು ರೂಮಿನ ಮನೆ ಬಿಟ್ಟು ಉತ್ತರಹಳ್ಳಿ ಕಡೆ ಎರಡು ರೂಮಿನ ಮನೆಗೆ ಹೋದೆವು.

ಹಾಗಾಗಿ ಕೈಗೆ ಬರುವ ಸಂಬಳದಲ್ಲಿ ಮೂರರಲ್ಲಿ ಒಂದು ಭಾಗ, ತೀರಾ ಜಾಸ್ತಿ ಅಂದರೆ ಶೇ. 35, ಅಷ್ಟಕ್ಕೇ ಕಂತನ್ನು ನಿಲ್ಲಿಸಿ. 1,10,000ಕ್ಕೆ ಅದು 38,500. ಅಂದರೆ 44 ಲಕ್ಷ ಸಾಲ. ಇಪ್ಪತ್ತು ವರ್ಷಕ್ಕೆ ನೀವು ಕಟ್ಟುವುದು 91 ಲಕ್ಷಕ್ಕೂ ಜಾಸ್ತಿ ಅನ್ನೋದೂ ಗೊತ್ತಿರಲಿ.

ಈಗ ಕೈದುಡ್ಡು. ಜನ ಎಡವುವುದು ಇಲ್ಲೇ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 80ರಷ್ಟು ಮಾತ್ರ ಬ್ಯಾಂಕು ಕೊಡಬಹುದು. 44 ಲಕ್ಷ ಸಾಲಕ್ಕೆ 55 ಲಕ್ಷದ ಮನೆ, 11 ಲಕ್ಷ ನಿಮ್ಮದು. ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ (ಸ್ಟ್ಯಾಂಪ್ ಡ್ಯೂಟಿ), ಸೆಸ್ ಎಲ್ಲಾ ಸೇರಿ ಬೆಲೆಯ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. ಎರಡೂ ಸೇರಿ 4 ಲಕ್ಷ 18 ಸಾವಿರ, ಇದನ್ನು ಸಾಲದಲ್ಲಿ ಸೇರಿಸುವುದಿಲ್ಲ. ಕಪಾಟು, ಕಿಟಕಿ ಗ್ರಿಲ್ಲು, ಫ್ಯಾನು, ಗೃಹಪ್ರವೇಶ ಬೇರೆ. ಹದಿನೆಂಟು ಹತ್ತೊಂಬತ್ತು ಲಕ್ಷ ಕೈಯಲ್ಲಿಲ್ಲದೆ ಟೋಕನ್ ಅಡ್ವಾನ್ಸ್ ಕೊಡಬೇಡಿ. ಪರ್ಸನಲ್ ಲೋನ್ ತೆಗೆದು ಇದನ್ನು ತುಂಬಬೇಡಿ, ದಯವಿಟ್ಟು.

ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಸಾಮಾನ್ಯವಾಗಿ ಶೇ. 5 ಜಿಎಸ್‌ಟಿಯೂ ಇದೆ. ನಮ್ಮ ಬಿಲ್ಡರ್ 14 ತಿಂಗಳು ತಡ ಮಾಡಿದರು. ಅಷ್ಟೂ ತಿಂಗಳು ಬಾಡಿಗೆಯನ್ನೂ ಕಟ್ಟಿದೆವು, ಸಾಲದ ಬಡ್ಡಿಯನ್ನೂ ಕಟ್ಟಿದೆವು. ಆ ವರ್ಷ ಊರಿಗೆ ದುಡ್ಡು ಕಳಿಸಲು ಆಗದೆ ಅಪ್ಪನಿಗೆ ಫೋನ್ ಮಾಡಿದ್ದು ಇನ್ನೂ ನೆನಪಿದೆ. ಬಾಡಿಗೆ, ಕಂತು ಎರಡನ್ನೂ ಒಂದು ವರ್ಷ ತಡೆದುಕೊಳ್ಳುವಂತಿದ್ದರೆ ಮಾತ್ರ ಅಂಥದ್ದಕ್ಕೆ ಕೈ ಹಾಕಿ.

ಬೆಲೆ ಕಡಿಮೆ ಅಂತ ಬಿ ಖಾತಾ ಮನೆಗೆ, ಅಂದರೆ ದಾಖಲೆ ಪೂರ್ತಿ ನಿಯಮದಂತೆ ಇಲ್ಲದ ಮನೆಗೆ, ಮನಸ್ಸು ಹೋಗುತ್ತದೆ. ಬಹಳ ಬ್ಯಾಂಕುಗಳು ಅದಕ್ಕೆ ಸಾಲ ಕೊಡುವುದಿಲ್ಲ, ಮಾರುವಾಗಲೂ ಕಷ್ಟ.

ಬಡ್ಡಿ ಒಂದೇ ಸಮ ಇರುವುದಿಲ್ಲ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ. 4ರಿಂದ 6.5ಕ್ಕೆ ಹೋಯಿತು. ಶೇ. 8.5ರ ಸಾಲ 11ಕ್ಕೆ ಹೋದರೆ 44 ಲಕ್ಷದ ಕಂತು ತಿಂಗಳಿಗೆ ಸುಮಾರು 7,200 ರೂಪಾಯಿ ಜಾಸ್ತಿ ಆಗುತ್ತದೆ. ಇದರ ಮೇಲೆ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್. ಕಾವೇರಿ ನೀರು ಬಾರದ ಕಡೆ ಟ್ಯಾಂಕರ್ ಖರ್ಚು. 2024ರ ಬೇಸಿಗೆಯ ನೀರಿನ ಬರ ನೋಡಿದವರಿಗೆ ಅದು ಗೊತ್ತು. ಮನೆ ನೋಡಲು ಹೋದಾಗ ವಾಚ್‌ಮನ್ ಹತ್ತಿರ ಕೇಳಿ, ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಅಂತ.

ಬುಕ್ ಮಾಡುವ ಮುಂಚೆ ಆರು ತಿಂಗಳು ಪರೀಕ್ಷೆ ಮಾಡಿ. ಬಾಡಿಗೆ 20,000, ಬರುವ ಕಂತು 38,000 ಆದರೆ, ಮಿಕ್ಕ 18,000ವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ಶಾಲೆ ಶುರುವಾಗುವ ಜೂನ್ ಆ ಆರರಲ್ಲಿ ಇರಲಿ. ಮುಟ್ಟದೆ ಕಳೆದಿರಾ, 1,08,000 ಸೇರಿರುತ್ತದೆ, ರಿಜಿಸ್ಟ್ರೇಷನ್ ಖರ್ಚಿನಲ್ಲಿ ಒಂದು ಭಾಗಕ್ಕೆ ಆಯಿತು. ಮಧ್ಯೆ ತೆಗೆಯಬೇಕಾಯಿತಾ, ತಿಂಗಳಿಗೆ ಎಷ್ಟು ಕಡಿಮೆ ಬಿತ್ತೋ ಅಷ್ಟನ್ನು ಕಂತಿನಲ್ಲಿ ಇಳಿಸಿ, ಮತ್ತೆ 868ರಿಂದ ಭಾಗಿಸಿ ನೋಡಿ.